ನರಸಪ್ಪನ ಉಡಿದಾರ

ನನ್ನ ಅಣ್ಣ ನರಸಪ್ಪನ ಕಥೆ ಹೇಳಬೇಕೆಂದರೆ ಅವನ ಸೊಂಟದಿಂದಲೇ ಶುರು ಮಾಡಬೇಕು. ನಗಬೇಡಿ. ಸುಮಾರು ಒಂದು ವರ್ಷ ಕಾಲ ಅವನ ಸೊಂಟದ ಸುತ್ತಳತೆಯ ಮೇಲೆ ನನ್ನ ಪ್ರಾಣ ನಿಂತಿತ್ತು.

ಆ ಸೊಂಟದಲ್ಲಿ ಒಂದು ಬೆಳ್ಳಿಯ ಉಡಿದಾರವಿದೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಹಾಕಿದ್ದು. ಆಗ ಅಣ್ಣ ಕಡ್ಡಿಯ ಹಾಗಿದ್ದ. ಆಮೇಲೆ ಎರಡು ವರ್ಷಕ್ಕೊಮ್ಮೆ ಉಡಿದಾರ ಬಿಗಿಯಾಗುವುದು, ವರ್ತೂರಿನ ಅಕ್ಕಸಾಲಿ ನಾಲ್ಕು ಕೊಂಡಿ ಸೇರಿಸಿ ಉದ್ದ ಮಾಡಿಕೊಡುವುದು ನಮ್ಮ ಮನೆಯಲ್ಲಿ ಮಾಮೂಲಾಯಿತು. ರಾಣಿ ಅತ್ತಿಗೆಗೆ ಅದೊಂದು ಹೆಮ್ಮೆ. "ನಮ್ಮ ಯಜಮಾನ್ರ ಉಡ್ದಾರ ಈ ಸಲಾನೂ ಬೆಳೀತು ಕಣ್ರೀ" ಎಂದು ಬೀಗುತ್ತಿದ್ದಳು. ಕೊನೆಕೊನೆಗೆ ಉಂಡು ಕೂತಾಗಲೆಲ್ಲ ಕೊಕ್ಕೆ ಬಿಚ್ಚಿಕೊಳ್ಳತೊಡಗಿದಾಗ ಅಕ್ಕಸಾಲಿ ಇಕ್ಕಳದಲ್ಲಿ ಹಿಡಿದು ಅದರ ಬಾಯಿಯನ್ನು ಅಮುಕಿ ಮುಚ್ಚಿಬಿಟ್ಟ. "ಇನ್ನು ಬಿಚ್ಚೋಕಾಗಲ್ಲ ಅಣ್ಣ. ತೆಗೀಬೇಕಂದ್ರೆ ಕತ್ತರಿಸ್ಬೇಕು" ಎಂದ. "ನಾನ್ಯಾಕಪ್ಪ ತೆಗೀಲಿ" ಎಂದು ಅಣ್ಣ ನಕ್ಕು ಮನೆಗೆ ಬಂದ.

ನಮ್ಮಪ್ಪ ವರ್ತೂರು ಕೆರೆಯ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತಿ, ಕಾಲುವೆಗುಂಟ ನಡೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು ಅವನ ಕೆಲಸ. ಹೆಗಲ ಮೇಲೆ ಗುದ್ದಲಿ, ಸೊಂಟದಲ್ಲಿ ಕಪ್ಪು ದಾರದ ಉಡಿದಾರ, ಮಂಡಿಯವರೆಗೆ ಕೆಸರು. ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದನೋ ಅವನಿಗೂ ಗೊತ್ತಿರಲಿಲ್ಲ. ಹೊತ್ತಿಗೆ ಎರಡು ಮುದ್ದೆ ಉಂಡರೂ ಹೊಟ್ಟೆ ಬೆನ್ನಿಗಂಟಿಕೊಂಡೇ ಇರುತ್ತಿತ್ತು. ಆಮೇಲೆ ಕೆರೆಗೆ ಊರಿನ ಕೊಳಚೆಯೆಲ್ಲ ಬಂತು, ಗದ್ದೆಗಳಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಅಣ್ಣ ನಮಗಿದ್ದ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ ಹದಿನಾರು ಮನೆ ಬಾಡಿಗೆಗೆ ಕೊಟ್ಟ. ಲಿಫ್ಟ್ ಹಾಕಿಸಿದ. ಟ್ಯಾಂಕು ತುಂಬಿದರೆ ಮೋಟಾರು ತಾನೇ ನಿಲ್ಲುವ ಹಾಗೆ ಮಾಡಿಸಿದ. ಬೆಳಿಗ್ಗೆ ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ನಾನು ಅದನ್ನು ಸೋಮಾರಿತನ ಎಂದೇ ಬೈಯುತ್ತಿದ್ದೆ. ಆದರೆ ಅಪ್ಪ ಬೆಳಗಿನಿಂದ ಸಂಜೆಯವರೆಗೆ ಕಾಲಿನ ಮೇಲೇ ಇದ್ದದ್ದನ್ನು ನೋಡಿ ಬೆಳೆದವನಿಗೆ ಕೂತು ಉಣ್ಣುವುದೇ ದೊಡ್ಡ ಮರ್ಯಾದೆಯಾಗಿ ಕಂಡಿತ್ತು. ಅದು ನನಗೆ ತಡವಾಗಿ ಅರ್ಥವಾಯಿತು.

ನಾನು ವನಜಾ. ಚಂದಾಪುರಕ್ಕೆ ಕೊಟ್ಟ ಹೆಣ್ಣು, ಅಲ್ಲೇ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನನ್ನ ಬಾಯಿ ಜೋರು ಎನ್ನುವುದು ನನ್ನ ಶಾಲೆಯ ಮಕ್ಕಳಿಗೂ ಗೊತ್ತು, ಹೆಡ್‌ಮಾಸ್ಟರಿಗೂ ಗೊತ್ತು. ನಲವತ್ತೊಂದನೇ ವಯಸ್ಸಿಗೆ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ದಿನಕ್ಕೆ ಕುಡಿಯುವ ನೀರಿಗೂ ಅಳತೆ. ಹೀಗೆ ಎಷ್ಟು ದಿನ ಎಂದು ಕೇಳಿದರೆ ಡಾಕ್ಟರಮ್ಮ, "ಬೇರೆ ಕಿಡ್ನಿ ಹಾಕಿಸಿಕೊಳ್ಳೋದೇ ಒಳ್ಳೇದು, ಬೇಗ ಆದಷ್ಟೂ ಒಳ್ಳೇದು" ಎಂದರು. ನನ್ನ ಗಂಡ ಶ್ರೀಧರ್‌ಗೆ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ. ಮಗಳು ಮಂಜುಶ್ರೀಗೆ ಆಗಷ್ಟೇ ಹದಿನೆಂಟು ತುಂಬಿತ್ತು. "ನಾನು ಕೊಡ್ತೀನಮ್ಮ" ಎಂದಳು. ಕೈಯಲ್ಲಿದ್ದ ತಟ್ಟೆಯನ್ನು ಕುಕ್ಕಿ ಅವಳಿಗೆ ಬೈದೆ. ಇನ್ನೂ ಕಣ್ಣು ಬಿಡುತ್ತಿರುವ ಮಗು. ಅವಳ ಮೈ ಕುಯ್ಯಿಸಿ ನಾನು ಬದುಕಬೇಕೇ? ಆ ಬದುಕು ನನಗೆ ಬೇಡವಾಗಿತ್ತು.

ಸುದ್ದಿ ಕೇಳಿ ಅಣ್ಣ ಕಾರು ಹಾಕಿಕೊಂಡು ಬಂದ. "ನಾನು ಗುಂಡುಕಲ್ಲಿನಂಗೆ ಇರುವಾಗ ಮಗೀನ ಮಾತ್ಯಾಕೆ? ನಂದು ತಗೊಳ್ಳಿ" ಎಂದ.

ರಕ್ತ ಹೊಂದಿತು, ಉಳಿದದ್ದೂ ಹೊಂದಿತು. ಅಡ್ಡ ಬಂದದ್ದು ಅಣ್ಣನ ಹೊಟ್ಟೆ. ತೊಂಬತ್ತನಾಲ್ಕು ಕೆಜಿ. ಹೊಟ್ಟೆಯ ಒಳಗೆಲ್ಲ ಕೊಬ್ಬು, ಲಿವರ್‌ನಲ್ಲೂ ಕೊಬ್ಬು, ಸಕ್ಕರೆ ಅಂಚಿನಲ್ಲಿ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಈಗ ಇವರದೊಂದು ಕಿಡ್ನಿ ತೆಗೆದರೆ ನಾಲ್ಕೈದು ವರ್ಷಕ್ಕೆ ಇವರೂ ನಿಮ್ಮ ಪಕ್ಕದ ಮಂಚಕ್ಕೆ ಬರ್ತಾರೆ. ಎಂಬತ್ತಮೂರಕ್ಕೆ ಇಳಿಸಿ, ಸಕ್ಕರೆ ಸರಿ ಮಾಡಿಕೊಂಡು ಬನ್ನಿ. ಆಮೇಲೆ ಸ್ಕ್ಯಾನು, ಆಪರೇಷನ್ನು."

ಹೊರಗೆ ಬರುವಾಗ ತೂಕ ನೋಡಿದ್ದ ನರ್ಸ್ ಕೂಗಿ ಹೇಳಿದಳು. "ಅಂಕಲ್, ಸ್ಕ್ಯಾನಿಗೆ ಬರುವಾಗ ಸೊಂಟದ್ದು ಕಟ್ ಮಾಡಿಸ್ಕೊಂಡು ಬನ್ನಿ. ಮೈಮೇಲೆ ಬೆಳ್ಳಿ ಬಂಗಾರ ಏನೂ ಇರಬಾರದು." ಆ ಮಾತನ್ನು ನಾನು ಅಲ್ಲೇ ಮರೆತೆ. ಅಣ್ಣ ಮರೆಯಲಿಲ್ಲ.

ಮಂಜುಶ್ರೀ ತನ್ನ ಮಾವನಿಗೆ ಹೆಜ್ಜೆ ಎಣಿಸುವ ಒಂದು ಕೈಪಟ್ಟಿ ತಂದುಕೊಟ್ಟಳು. ಅದನ್ನು ಅವನ ಹಳೆಯ ಫೋನಿಗೆ ಜೋಡಿಸಿ, ಅವನು ಎಷ್ಟು ನಡೆದ ಎನ್ನುವುದು ತನ್ನ ಫೋನಿನಲ್ಲೂ ಕಾಣುವ ಹಾಗೆ ಮಾಡಿಕೊಂಡಳು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಮಾತಾಯಿತು. ಮೊದಲ ದಿನ ಎರಡು ಸಾವಿರ. ಎರಡನೇ ದಿನ ಸೊನ್ನೆ. ಮೂರನೇ ದಿನದಿಂದ ನೋಡಬೇಕು, ಹದಿನೈದು ಸಾವಿರ, ಹದಿನೆಂಟು ಸಾವಿರ! "ಅಮ್ಮಾ, ಮಾವ ಸಕ್ಕತ್ತಾಗಿ ನಡೀತಿದ್ದಾರೆ" ಎಂದು ಮಗಳು ಕುಣಿದಳು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಅಣ್ಣನಿಗೆ ಕೈ ಮುಗಿದೆ. ಹೀಗೆ ಮೂರು ತಿಂಗಳು.

ಮೂರು ತಿಂಗಳಿಗೆ ತೂಕ ನೋಡಿದರೆ ತೊಂಬತ್ತೈದು. ಒಂದು ಕೆಜಿ ಜಾಸ್ತಿ! ಡಾಕ್ಟರಮ್ಮ ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದೂ ಸರಿಯಾಗಿತ್ತು. "ಏನು ತಿಂತೀರ?" ಎಂದು ಗದರಿದರು. ಅಣ್ಣ ಬಗ್ಗಿ ಚಪ್ಪಲಿ ಹಾಕಿಕೊಳ್ಳತೊಡಗಿದ.

ಅದೇ ವಾರದ ಮಂಗಳವಾರ ನನ್ನ ಕೈಗೆ ಸೂಜಿ ಚುಚ್ಚಿ ಯಂತ್ರಕ್ಕೆ ಹಾಕಿದ್ದರು. ನನ್ನನ್ನು ಕರೆದುಕೊಂಡು ಬರುವುದು ಯಾವತ್ತೂ ಅಣ್ಣನೇ. ಪಕ್ಕದ ಕುರ್ಚಿಯಲ್ಲಿ ಕೂತು ಮೂಸಂಬಿ ಸುಲಿದು ತಾನೇ ತಿನ್ನುತ್ತಿದ್ದ. ಅವನ ಕೈಯಲ್ಲಿ ಪಟ್ಟಿ ಇಲ್ಲದ್ದನ್ನು ಅವತ್ತು ಮೊದಲ ಸಲ ಗಮನಿಸಿದೆ. ಕೇಳಿದರೆ ಚಾರ್ಜಿಗೆ ಹಾಕಿದ್ದೇನೆ ಎಂದ. ಅಷ್ಟರಲ್ಲಿ ಕಾಲೇಜಿನಿಂದ ಮಂಜುಶ್ರೀಯ ಫೋನು. "ಅಮ್ಮಾ, ಮಾವ ಇವತ್ತು ನಿನ್ನ ಜೊತೆ ಬಂದಿಲ್ವಾ? ಈಗಷ್ಟೇ ಒಂಬತ್ತು ಸಾವಿರ ದಾಟಿದ್ರು, ಇನ್ನೂ ನಡೀತಾನೇ ಇದ್ದಾರೆ!"

ನಾನು ಅಣ್ಣನ ಮುಖ ನೋಡಿದೆ. ಮೂಸಂಬಿ ತೊಳೆ ಅವನ ಬಾಯಲ್ಲೇ ನಿಂತಿತು.

ಆ ಪಟ್ಟಿ ಇದ್ದದ್ದು ಲಕ್ಷ್ಮಣಪ್ಪನ ಕೈಯಲ್ಲಿ. ಅಣ್ಣನ ಕಟ್ಟಡದ ಕೆಳಗಿನ ಒಂಟಿ ರೂಮಿನಲ್ಲಿ ಬಾಡಿಗೆಗಿರುವವನು, ಬೆಳ್ಳಂದೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡು. ಹನ್ನೆರಡು ಗಂಟೆ ಸುತ್ತು ಹಾಕುವುದೇ ಅವನ ಕೆಲಸ. ಅಣ್ಣ ಪಟ್ಟಿಯನ್ನು ಅವನ ಕೈಗೆ ಕಟ್ಟಿ, ಹಳೆಯ ಫೋನನ್ನು ಅವನ ಜೇಬಿಗೆ ಹಾಕಿ ಕಳಿಸುತ್ತಿದ್ದ. ಪಾಪ, ಲಕ್ಷ್ಮಣಪ್ಪ ಅದು ಏನೆಂದೂ ಕೇಳಿರಲಿಲ್ಲ.

ಮನೆಗೆ ವಾಪಸ್ಸಾಗುವಾಗ ಕಾರಿನಲ್ಲಿ ನಾನು ಬಾಯಿ ಬಿಟ್ಟೆ. "ಹದಿನಾರು ಮನೆ ಬಾಡಿಗೆಗೆ ಕೊಟ್ಟೆ, ಸರಿ. ನಡೆಯೋದನ್ನೂ ಬಾಡಿಗೆಗೆ ಕೊಡ್ತಾರಾ? ಲಕ್ಷ್ಮಣಪ್ಪ ನಡೆದ್ರೆ ನಿನ್ನ ಹೊಟ್ಟೆ ಕರಗತ್ತಾ?"

ಹೊಸೂರು ರಸ್ತೆಯಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು.

"ಕೊಡೋಕೆ ಮನಸ್ಸಿಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬಿಡು ಅಣ್ಣ. ಈ ನಾಟಕ ಯಾಕೆ? ನಾನಂತೂ ಮಂಜುದು ತಗೊಳ್ಳಲ್ಲ. ಅದಕ್ಕಿಂತ ಮುಂಚೆ ಸಾಯ್ತೀನಿ."

"ಅಂಗನ್ಬೇಡ ಕಣಮ್ಮ."

"ಮತ್ತೆ ಹೆಂಗನ್ಲಿ?"

"ಮೊದಲ್ನೇ ದಿನ ನಡೆಯೋಕೆ ಓದೆ ಕಣಮ್ಮ. ದೇವಸ್ಥಾನದತ್ರ ಓಗೋದ್ರೊಳಗೆ ಮೂರು ಜನ ಕೇಳಿದ್ರು. ಯಾಕ್ ನರಸಪ್ಪಣ್ಣ, ಕಾರು ಮಾರ್ಬಿಟ್ರಾ ಅಂತ." ಮುಂದಿನ ಗಾಡಿ ಒಂದಿಷ್ಟು ಸರಿಯಿತು, ಅಣ್ಣ ಗೇರು ಹಾಕಿದ. "ಅದೂ ಅಲ್ಲ ಬಿಡು. ಆ ನರ್ಸಮ್ಮ ಉಡ್ದಾರ ಕತ್ತರಿಸ್ಕೊಂಡು ಬಾ ಅಂದ್ಲಲ್ಲ."

"ಅದಕ್ಕೇನು?"

"ಅಪ್ಪಂದು ಕತ್ತರಿಸಿದ್ದು ನೆಪ್ಪೈತಾ?"

ನನಗೆ ನೆನಪಿರಲಿಲ್ಲ. ಅಪ್ಪ ಹೋದಾಗ ನಾನು ಒಂಬತ್ತು ವರ್ಷದವಳು, ಒಳಗೆ ಅವ್ವನ ಹತ್ತಿರ ಕೂತಿದ್ದೆ. ಅಣ್ಣನಿಗೆ ಹತ್ತೊಂಬತ್ತು. ಹೆಣಕ್ಕೆ ನೀರು ಹಾಕುವ ಮುಂಚೆ ಚಿಕ್ಕಪ್ಪ ಕುಡುಗೋಲಿನಿಂದ ಅಪ್ಪನ ಉಡಿದಾರ ಕತ್ತರಿಸಿ ಅಣ್ಣನ ಅಂಗೈ ಮೇಲಿಟ್ಟನಂತೆ. ಇನ್ನೂ ಬೆವರಿನ ವಾಸನೆ ಇತ್ತಂತೆ. ನಮ್ಮ ಕಡೆ ಗಂಡಸಿನ ಉಡಿದಾರ ಕತ್ತರಿಸುವುದು ಸತ್ತಾಗ ಮಾತ್ರ. ಹಳೆಯದಾದರೂ ಹೊಸದು ಕಟ್ಟಿಕೊಂಡೇ ಹಳೆಯದನ್ನು ಬಿಚ್ಚುತ್ತಾರೆ, ಬರಿ ಸೊಂಟದಲ್ಲಿ ಯಾರೂ ಒಂದು ಗಳಿಗೆಯೂ ಇರುವುದಿಲ್ಲ.

"ನಾನು ತೂಕ ಇಳಿಸಿದ್ರೆ ಅವರು ಕತ್ತರಿಸ್ತಾರೆ. ಕತ್ತರಿಸಿದ್ರೆ ನಾನು ಎದ್ದು ಬರಲ್ಲ ಅಂತ ಮನಸ್ಸಿಗೆ ಕೂತ್ಬಿಡ್ತು ಕಣಮ್ಮ. ಕೊಡ್ಬಾರ್ದು ಅಂತಲ್ಲ. ಎದ್ರಿಕೆ." ಐವತ್ತೊಂದು ವರ್ಷದ ಗಂಡಸು, ಊರಿಗೆಲ್ಲ ದೊಡ್ಡ ಮನುಷ್ಯ, ಕಾರಿನಲ್ಲಿ ಕೂತು ಕಣ್ಣೊರೆಸಿಕೊಂಡ.

ನನಗೆ ಅಯ್ಯೋ ಅನ್ನಿಸಿತು, ಮೈಯೆಲ್ಲ ಸಿಟ್ಟೂ ಉರಿಯಿತು. ಮೂರು ತಿಂಗಳು ನನ್ನ ಆಯಸ್ಸಿನಿಂದ ಹೋಗಿತ್ತಲ್ಲ. ಮನೆ ಮುಂದೆ ಇಳಿಯುವಾಗ, "ನಿನಗೆ ಬಿಟ್ಟಿದ್ದು" ಎಂದಷ್ಟೇ ಹೇಳಿ ಬಾಗಿಲು ಹಾಕಿದೆ. ಜೋರಾಗಿಯೇ ಹಾಕಿದೆ.

ನಾಲ್ಕು ದಿನ ಅಣ್ಣನ ಸುದ್ದಿ ಇಲ್ಲ. ಶುಕ್ರವಾರ ನನ್ನನ್ನು ಶ್ರೀಧರ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಐದನೇ ದಿನ ಅತ್ತಿಗೆ ಫೋನು ಮಾಡಿ, "ನಿಮ್ಮಣ್ಣಂಗೆ ಏನೋ ಆಗೈತೆ ಕಣಮ್ಮ, ಅಟ್ಟದ ಮೇಲಿಂದ ಮಾವನ ಗುದ್ದಲಿ ಇಳ್ಸಿ ಹೆಗಲ ಮೇಲೆ ಹೊತ್ಕೊಂಡು ಓದ್ರು" ಎಂದಳು.

ಅಣ್ಣನ ಬುದ್ಧಿಯೇ ಬುದ್ಧಿ. ಬರಿಗೈಯಲ್ಲಿ ನಡೆದರೆ ಜನ ಕೇಳುತ್ತಾರೆ. ಹೆಗಲ ಮೇಲೆ ಗುದ್ದಲಿ ಇದ್ದರೆ ಯಾರೂ ಏನೂ ಕೇಳುವುದಿಲ್ಲ, ಹೊಲದ ಕಡೆ ಹೊರಟ ಅಂದುಕೊಳ್ಳುತ್ತಾರೆ. ಕೆರೆಯ ಆಚೆ ನಮ್ಮದು ಇಪ್ಪತ್ತು ಗುಂಟೆ ಉಳಿದಿತ್ತು, ವೆಂಕಟಪ್ಪ ಎನ್ನುವವನು ಅದರಲ್ಲಿ ಸೊಪ್ಪು ಬೆಳೆಯುತ್ತಿದ್ದ. ಮನೆಯಿಂದ ಅಲ್ಲಿಗೆ ಮೂರು ಕಿಲೋಮೀಟರು. ಮೊದಲ ವಾರ ಗುದ್ದಲಿಯನ್ನು ಸುಮ್ಮನೆ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬಂದ. ಎರಡನೇ ವಾರ ವೆಂಕಟಪ್ಪ, "ಅಣ್ಣ, ತಂದಿದ್ದೀರಲ್ಲ, ಈ ಪಾತಿ ಒಂದಿಷ್ಟು ಏರಿಸ್ಕೊಡಿ" ಎಂದನಂತೆ. ಹತ್ತು ನಿಮಿಷಕ್ಕೆ ಉಸಿರು ಕಟ್ಟಿ ಬದುವಿನ ಮೇಲೆ ಕೂತನಂತೆ, ನೀರುಗಂಟಿಯ ಮಗ! ಮಾರನೆಯ ದಿನ ಹದಿನೈದು ನಿಮಿಷ. ತಿಂಗಳಾಗುವಷ್ಟರಲ್ಲಿ ಒಂದು ಗಂಟೆ ಅಗೆದು, ಪಾತಿ ಕಟ್ಟಿ, ನೀರು ತಿರುಗಿಸಿ ಬರುತ್ತಿದ್ದ. ಕೈಪಟ್ಟಿ ಈಗ ಅವನ ಕೈಯಲ್ಲೇ ಇತ್ತು. ಮಂಜುಶ್ರೀ ನಂಬದೆ ದಿನಾ ವಿಡಿಯೋ ಕಾಲ್ ಮಾಡಿ ನೋಡುತ್ತಿದ್ದಳು.

ಆದರೂ ತಕ್ಕಡಿ ಇಳಿಯಲಿಲ್ಲ. ಯಾಕೆಂದರೆ ಅಗೆದ ಮೇಲೆ ಹಸಿವು. ಬರುವ ದಾರಿಯಲ್ಲಿ ಹೋಟೆಲಿಗೆ ನುಗ್ಗಿ ಎರಡು ಮಸಾಲೆದೋಸೆ, ಮೇಲೊಂದು ಕಾಫಿ. ದುಡಿದು ಬಂದಿದ್ದೇನೆ, ತಿಂದರೆ ಕರಗುತ್ತದೆ ಎಂಬ ಧೈರ್ಯ. ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಆ ಎರಡು ದೋಸೆ ಕರಗೋಕೆ ನೀವು ಇನ್ನೂ ಎರಡು ಗಂಟೆ ಅಗೀಬೇಕು ಸಾರ್. ಬರೀ ದುಡಿದು ಕೊಬ್ಬು ಇಳಿಸೋದು ಬಹಳ ಕಷ್ಟ. ಬಾಯಿ ಕಟ್ಟಬೇಕು, ಮೈಯೂ ದಣೀಬೇಕು. ಬರೀ ಉಪವಾಸ ಮಾಡಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಹೋಗತ್ತೆ. ಅದು ಉಳೀಬೇಕು ಅಂತಾನೇ ಈ ಗುದ್ದಲಿ."

ಎರಡು ಮುದ್ದೆ ಒಂದಾಯಿತು. ಸೊಪ್ಪು, ಕಾಳು ಜಾಸ್ತಿಯಾಯಿತು. ಅತ್ತಿಗೆಗೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. "ಉಣ್ಣೋ ಮನುಷ್ಯಂಗೆ ಅಳತೆ ಮಾಡಿ ಇಕ್ಕೋಕೆ ನಮ್ಮನೇಲಿ ಏನು ದರಿದ್ರ ಬಂದೈತಾ?" ಎಂದು ನನ್ನ ಮೇಲೇ ಮುನಿಸಿಕೊಂಡಳು. ಅವಳ ಸಿಟ್ಟು ಮುದ್ದೆಯದಲ್ಲ ಎಂದು ನನಗೆ ಗೊತ್ತಿತ್ತು. ಗಂಡ ಸೊರಗಿದಷ್ಟೂ ಆಪರೇಷನ್ ದಿನ ಹತ್ತಿರ ಬರುತ್ತಿತ್ತಲ್ಲ.

ತೂಕ ತೊಂಬತ್ತಕ್ಕೆ ಇಳಿದು ಅಲ್ಲೇ ಕೂತಿತು. ಒಂದೂವರೆ ತಿಂಗಳು ಅಲ್ಲಾಡಲಿಲ್ಲ. ಇತ್ತ ನಾನು ಒಂದು ದಿನ ತರಗತಿಯಲ್ಲಿ ಪದ್ಯ ಓದುತ್ತಲೇ ಕುಸಿದು ಬಿದ್ದೆ. ಆಸ್ಪತ್ರೆಯಲ್ಲಿ ನನ್ನನ್ನು ನೋಡಲು ಬಂದ ಅಣ್ಣನಿಗೆ ಮಂಜುಶ್ರೀಯ ಬ್ಯಾಗಿನಲ್ಲಿ ಒಂದು ಅರ್ಜಿ ಕಣ್ಣಿಗೆ ಬಿತ್ತು. ಕಿಡ್ನಿ ಕೊಡುವವರ ಹೆಸರು ಎಂದಿದ್ದ ಕಡೆ ಮಗಳು ತನ್ನ ಹೆಸರು ಬರೆದಿದ್ದಳು. ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡು ಇಬ್ಬರೂ ಪಿಸುಗುಟ್ಟಿದರು.

"ಏನವ್ವ ಇದು? ನಾನಿನ್ನೂ ಸೋತಿಲ್ಲ."

"ತೊಂಬತ್ತರಲ್ಲೇ ನಿಂತಿದೆಯಲ್ಲ ಮಾವ. ಅಮ್ಮ ಎಷ್ಟು ದಿನ ಕಾಯ್ತಾಳೆ?"

ಅಣ್ಣ ಅಂಗಿ ಎತ್ತಿದ. ಉಡಿದಾರದೊಳಗೆ ಎರಡು ಬೆರಳು ತೂರಿಸಿ ಅವಳಿಗೆ ತೋರಿಸಿದ. "ನೋಡು, ಮೊದಲು ಉಗುರು ಕೂಡ ಓಗ್ತಿರಲಿಲ್ಲ. ತಕ್ಕಡಿ ಏನಾದ್ರೂ ಹೇಳ್ಲಿ, ಒಳಗೆ ಏನೋ ಕರಗ್ತಾ ಐತೆ. ಎರಡು ತಿಂಗಳು ಟೈಮ್ ಕೊಡು ನಂಗೆ."

ಅಣ್ಣ ಹೇಳಿದ್ದು ಸುಳ್ಳಲ್ಲ. ಹೊಟ್ಟೆಯೊಳಗಿನ ಕೊಬ್ಬು ಕರಗಿ ಮೈಯಲ್ಲಿ ಕಸುವು ಕೂಡಿಕೊಳ್ಳುವಾಗ ತೂಕ ಹಾಗೇ ನಿಂತ ಹಾಗೆ ಕಾಣುವುದುಂಟು ಎಂದು ಡಾಕ್ಟರಮ್ಮನೂ ಆಮೇಲೆ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಆಗಲೇ ಸರಿಯಾಗಿತ್ತು. ಅಣ್ಣ ಸಂಜೆಯ ಹೊತ್ತೂ ಗುದ್ದಲಿ ಹಿಡಿದ. ಕುರ್ಚಿಯನ್ನು ಗೇಟಿನಿಂದ ಎತ್ತಿ ಲಕ್ಷ್ಮಣಪ್ಪನಿಗೆ ಕೊಟ್ಟುಬಿಟ್ಟ. ದಿನವಿಡೀ ನಡೆದು ಬರುವವನು, ಅವನಾದರೂ ಕೂರಲಿ ಎಂದ. ಎರಡು ತಿಂಗಳಲ್ಲ, ಮೂರು ತಿಂಗಳು ಹಿಡಿಯಿತು. ಅಕ್ಟೋಬರ್ ಕೊನೆಗೆ ಆಸ್ಪತ್ರೆಯ ತಕ್ಕಡಿ ಎಂಬತ್ತಮೂರು ತೋರಿಸಿತು. ನಾನು ಅಲ್ಲೇ ಗೋಡೆ ಹಿಡಿದುಕೊಂಡು ಅತ್ತೆ.

ಸ್ಕ್ಯಾನಿನ ದಿನ ಬಂತು. ಅದೇ ನರ್ಸು ಅದೇ ಮಾತು ಹೇಳಿದಳು. "ಅಂಕಲ್, ಇನ್ನೂ ಕಟ್ ಮಾಡಿಸಿಲ್ವಾ? ಇರಿ, ಕಟರ್ ತರಿಸ್ತೀನಿ." ಅತ್ತಿಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಣ್ಣ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅತ್ತಿಗೆ, ಮಂಜುಶ್ರೀ, ನಾನು ಮೂವರೂ ಆ ಬಾಗಿಲನ್ನೇ ನೋಡುತ್ತಾ ನಿಂತೆವು. ಓಡಿಹೋದರೆ, ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ನಿಜ. ದೇವರು ನನ್ನನ್ನು ಕ್ಷಮಿಸಲಿ.

ಬಾಗಿಲು ತೆಗೆದಾಗ ಅವನು ಆಸ್ಪತ್ರೆಯ ನಿಲುವಂಗಿಯಲ್ಲಿದ್ದ. ಅಂಗೈಯಲ್ಲಿ ಉಡಿದಾರ. ಎಲ್ಲೂ ಕತ್ತರಿಸಿರಲಿಲ್ಲ, ಕೊಂಡಿಗಳ ಸುತ್ತು ಇದ್ದ ಹಾಗೇ ಇತ್ತು.

"ಕತ್ತರಿಸ್ಲಿಲ್ಲ ಕಣಮ್ಮ" ಎಂದ. ಮುಖದಲ್ಲಿ ನಗು. "ಕೆಳಕ್ಕೆ ಎಳೆದೆ. ಜಾರಿ ಬಂತು."

ಅತ್ತಿಗೆ ಅದನ್ನು ಕಿತ್ತುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕೈಯಲ್ಲಿಟ್ಟಳು. "ನೀನೇ ಇಟ್ಕೊ ವನಜಾ. ನಿಂಗಾಗಿ ತೆಗ್ದಿದ್ದು" ಎಂದಳು. ಅಷ್ಟು ದಿನದ ಮುನಿಸು ಅಲ್ಲಿಗೆ ಮುಗಿಯಿತು. ಸ್ಕ್ಯಾನು ಮುಗಿದ ತಕ್ಷಣ ಅಣ್ಣ ಅದನ್ನು ಮತ್ತೆ ಹಾಕಿಕೊಂಡ. ಮೂರು ವಾರದ ನಂತರ ಆಪರೇಷನ್ನಿನ ಬೆಳಿಗ್ಗೆ ಮತ್ತೆ ಜಾರಿಸಿ ನನಗೇ ಕೊಟ್ಟ. ನಾನು ಅದನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋದೆ.

ಎಚ್ಚರವಾದಾಗ ನನ್ನ ಹೊಟ್ಟೆಯ ಬಲಗಡೆ ಅಣ್ಣನ ಕಿಡ್ನಿ ಕೆಲಸ ಶುರು ಮಾಡಿತ್ತು. ವರ್ಷದ ಮೇಲಾದ ನಂತರ ಮೊದಲ ಸಲ ನೀರು ಕುಡಿಯಿರಿ ಎಂದರು. ಕುಡಿದೆ, ಇನ್ನಷ್ಟು ಕೇಳಿ ಕುಡಿದೆ. "ಅಣ್ಣ ಎಲ್ಲಿ?" ಎಂದು ಕೇಳಿದರೆ, "ಚೆನ್ನಾಗಿದ್ದಾರೆ, ಮಲಗಿದ್ದಾರೆ" ಎಂದರು. ನಾನು ನಂಬಲಿಲ್ಲ. ಆಸ್ಪತ್ರೆಯವರು ಕಾಯಿಲೆಯವರಿಗೆ ಹಾಗೆಯೇ ಹೇಳುತ್ತಾರೆ. ಎರಡು ದಿನ ಬಾಗಿಲನ್ನೇ ನೋಡಿದೆ.

ಮೂರನೇ ದಿನ ಬೆಳಿಗ್ಗೆ ನನ್ನ ಕೋಣೆಯ ಗಾಜಿನಾಚೆ ಅಣ್ಣ ಕಾಣಿಸಿದ. ಒಂದು ಕೈ ಹೊಟ್ಟೆಯ ಮೇಲೆ, ಪಟ್ಟಿ ಕಟ್ಟಿದ ಇನ್ನೊಂದು ಕೈ ಗೋಡೆಯ ಮೇಲೆ. ಅತ್ತಿಗೆ ಹಿಡಿಯಲು ಬಂದರೆ ಬೇಡ ಎಂದು ಕೈ ಕೊಡವುತ್ತಿದ್ದ. ಸೋಂಕು ತಾಗಬಾರದೆಂದು ಅವನನ್ನು ಒಳಗೆ ಬಿಡಲಿಲ್ಲ. ಮಂಜುಶ್ರೀ ಹೊರಗಿನಿಂದ ಫೋನು ಮಾಡಿ ಅವನ ಕಿವಿಗೆ ಹಿಡಿದಳು. ನಿಲುವಂಗಿಯ ಮೇಲಿಂದಲೇ ಅವನು ಸೊಂಟ ಮುಟ್ಟಿ ತೋರಿಸಿದ. ಉಡಿದಾರ ಮತ್ತೆ ಅಲ್ಲಿತ್ತು, ಗಾಯದ ಕೆಳಗೆ ಸಡಿಲವಾಗಿ.

ಇಷ್ಟು ಜೋರು ಬಾಯಿಯವಳು, ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡೆ. ಅವನೇ ಮಾತಾಡಿದ.

"ನನ್ನ ರೂಮಿಂದ ಇಲ್ಲಿಗೆ ಅರವತ್ತೆರಡು ಹೆಜ್ಜೆ ಕಣಮ್ಮ" ಎಂದು ಉಸಿರೆಳೆದುಕೊಂಡ. "ಬೇಕಾದ್ರೆ ನಿನ್ನ ಮಗಳನ್ನ ಕೇಳು. ಎಲ್ಲಾ ನಾನೇ ನಡ್ದಿದ್ದು."